ಅಪ್ಪಯ್ಯನ ಕೋಣೆಯ ಎಸಿ ಮತ್ತು ನಮ್ಮ ಬಾವಿಯ ಉಪ್ಪುನೀರು

ನಮ್ಮ ಕೇರಿಯಲ್ಲಿ ಈಗ ಐದು ಮನೆಗೆ ಎಸಿ ಬಂದಿದೆ. 2023ರಲ್ಲಿ ಒಂದೇ ಇತ್ತು, ಅದು ನಮ್ಮದು. ಹಾಗಾಗಿ ಯಾರ ಮನೆಯ ಎಸಿಯಲ್ಲಿ ನೀರು ಸೋರಿದರೂ, ತಂಪು ಬಾರದಿದ್ದರೂ ಮೊದಲು ನಮ್ಮ ಅಂಗಳಕ್ಕೆ ಬಂದು ಕೇಳುತ್ತಾರೆ. "ಹ್ವಾಯ್, ನಿಮ್ಮನಿ ಎಸಿಗೆ ಅವತ್ತ್ ಎಂತ ಆದ್ದ್? ಯಾರನ್ನ್ ಕರ್ಸಿದ್ರಿ?"

ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇವೆ. ನಾವು ಎಂದರೆ ಅಣ್ಣ ಮತ್ತು ತಂಗಿ. ಒಬ್ಬರು ಬೋಟಿಗೆ ಹೋಗುವವರು, ಇನ್ನೊಬ್ಬರು ಪತ್ರಿಕೋದ್ಯಮ ಓದಿದವರು. ಇಬ್ಬರೂ ಎಸಿ ಮೆಕ್ಯಾನಿಕ್ ಅಲ್ಲ. ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ ಎನ್ನುವುದಷ್ಟೇ ಉದ್ದೇಶ.

ನಮ್ಮ ಮನೆ ಇರುವುದು ಮರವಂತೆಯ ಹತ್ತಿರ. ಹೆದ್ದಾರಿಯಲ್ಲಿ ಹೋದವರಿಗೆ ಗೊತ್ತು, ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಫೋಟೋ ತೆಗೆಯುವವರಿಗೆ ಸ್ವರ್ಗ. ಕಬ್ಬಿಣ, ಅಲ್ಯೂಮಿನಿಯಂ, ತಾಮ್ರಕ್ಕೆ ಮಾತ್ರ ನರಕ. ಬಾಗಿಲಿನ ಚಿಲಕ ಎರಡು ವರ್ಷ ಬಾಳಿದರೆ ದೊಡ್ಡ ಮಾತು. ಸೈಕಲ್ಲಿನ ರಿಮ್ಮಿನಿಂದ ಗೇಟಿನ ಸರಳಿನವರೆಗೆ ಎಲ್ಲವನ್ನೂ ಉಪ್ಪುಗಾಳಿ ತಿನ್ನುತ್ತದೆ. ಇದನ್ನೆಲ್ಲ ಚಿಕ್ಕಂದಿನಿಂದ ನೋಡಿದ ನಾವೇ ಎಸಿ ವಿಷಯದಲ್ಲಿ ಮರೆತೆವು.

ಎಸಿ ತಂದದ್ದು ಶೋಕಿಗಲ್ಲ. 2022ರ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಒಂದು ವಿಷಯವನ್ನು ಮೂರು ಸಲ ಹೇಳಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿನ ಚರ್ಮ ಒದ್ದೆಯಾಗಲು ಬಿಡಬೇಡಿ. ಬೆವರಿನಲ್ಲಿ ನೆನೆದ ಚರ್ಮ ಬೇಗ ಒಡೆಯುತ್ತದೆ, ಹುಣ್ಣು ಬಿದ್ದರೆ ಮಾಯುವುದು ಕಷ್ಟ.

ಮಳೆಗಾಲ, ಚಳಿಗಾಲ ಹೇಗೋ ಕಳೆಯಿತು. ಫೆಬ್ರವರಿ ಕೊನೆ ಬಂತು ನೋಡಿ, ಬೆಳಿಗ್ಗೆ ಹಾಸಿದ ಬಟ್ಟೆ ಹತ್ತು ಗಂಟೆಗೆ ಒದ್ದೆ. ಫ್ಯಾನು ತಿರುಗುತ್ತಿದ್ದರೂ ಬೆವರು ಆರುವುದಿಲ್ಲ. ನಮ್ಮ ಕರಾವಳಿಯ ಸೆಕೆಯ ಗುಣವೇ ಅದು. ಥರ್ಮಾಮೀಟರಿನಲ್ಲಿ 34 ಡಿಗ್ರಿ ಇರಬಹುದು, ಕಲಬುರಗಿಯವರು ಕೇಳಿದರೆ ನಗಬಹುದು. ಆದರೆ ಮೈ ತಂಪಾಗುವುದು ಬೆವರು ಆರಿದಾಗ. ಗಾಳಿಯಲ್ಲಿ ಮೊದಲೇ ನೀರು ತುಂಬಿದ್ದರೆ ಬೆವರು ಎಲ್ಲಿಗೆ ಹೋಗಬೇಕು? ಹವಾಮಾನ ಇಲಾಖೆ ಕೂಡ ಬಿಸಿಗಾಳಿಯ ಲೆಕ್ಕ ಹಾಕುವಾಗ ಬಯಲುಸೀಮೆಗೆ 40 ಡಿಗ್ರಿ ನೋಡಿದರೆ ಕರಾವಳಿಗೆ 37 ಡಿಗ್ರಿಯಿಂದಲೇ ನೋಡುತ್ತದೆ.

ಅಮ್ಮ ಒಂದು ದಿನ ಒದ್ದೆ ಬಟ್ಟೆ ಹಿಂಡುತ್ತಾ ಹೇಳಿದರು, "ನಿಮ್ಮ ಅಪ್ಪಯ್ಯ ಬಂದರಿನ ಬೋಟಿಗೆಲ್ಲ ಐಸ್ ಹೊತ್ತ್ ಹಾಕ್ದೋರ್. ಅವ್ರಿಗೊಂದ್ ತಂಪ್ ಬ್ಯಾಡ್ದಾ?"

ಅಪ್ಪಯ್ಯ ಗಂಗೊಳ್ಳಿ ಕಡೆ ಐಸ್ ಪ್ಲಾಂಟಿನಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಐಸಿನ ಗಟ್ಟಿಯನ್ನು ಕೊಕ್ಕೆಯಲ್ಲಿ ಎಳೆದು, ಪುಡಿ ಮಾಡಿ, ಬೋಟಿನ ಹೊಟ್ಟೆಗೆ ತುಂಬಿಸುವ ಕೆಲಸ. ಅಮ್ಮನ ಆ ಮಾತಿನ ಮೇಲೆ ನಾವು ಲೆಕ್ಕ ನೋಡಲಿಲ್ಲ. ಸೊಸೈಟಿಯಲ್ಲಿ ಸಾಲ ಮಾಡಿ ಒಂದು ಟನ್ನಿನ ಎಸಿ ತಂದೆವು.

ಹಳೆ ಮನೆ ಹಂಚಿನದ್ದು. ಹಂಚಿನ ಸಂದಿಯಲ್ಲಿ ತಂಪೆಲ್ಲ ಹೊರಗೆ ಹೋಗುತ್ತದೆ, ಅಲ್ಲಿ ಎಸಿ ಹಾಕುವುದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಹಾಗಾಗಿ ಪಕ್ಕಕ್ಕೆ ಕಟ್ಟಿಸಿದ್ದ ಸಣ್ಣ ತಾರಸಿ ಕೋಣೆಗೆ ಅಪ್ಪಯ್ಯನ ಮಂಚ ಬದಲಾಯಿತು. ಬಾಗಿಲಿನ ಅಡಿಯ ಸಂದಿಗೆ ಹಳೆ ಸೀರೆ ಸುತ್ತಿ ಇಟ್ಟೆವು.

ಎಸಿ ಹಾಕಲು ಬಂದ ಹುಡುಗ "ಒಂದು ಟನ್" ಎಂದಾಗ ಅಮ್ಮ ಹೆದರಿದರು, ಗೋಡೆ ತಡೆಯುತ್ತದಾ ಎಂದು. ಅದು ತೂಕವಲ್ಲ. ಒಂದು ಟನ್ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿಯನ್ನು ಹೀರುತ್ತದೋ ಅಷ್ಟು ಬಿಸಿಯನ್ನು ಈ ಮೆಷಿನ್ ಹೊರಗೆ ಹಾಕುತ್ತದೆ ಎಂದು ಅರ್ಥ. ಐಸಿನ ಕಾಲದ ಅಳತೆ ಇನ್ನೂ ಉಳಿದುಕೊಂಡಿದೆ. ಇದನ್ನು ಅಪ್ಪಯ್ಯನಿಗೆ ಹೇಳಿದೆವು. "ಅಪ್ಪಯ್ಯ, ಈ ಕೋಣೆಗೆ ದಿನಕ್ಕೆ ಒಂದು ಟನ್ ಐಸ್ ಲೋಡ್ ಆಗ್ತದೆ." ಲಕ್ವ ಹೊಡೆದ ಮೇಲೆ ಅವರು ಮೊದಲ ಸಲ ನಕ್ಕಿದ್ದು ಅವತ್ತು. ಬಾಯಿಯ ಒಂದು ಬದಿ ಮಾತ್ರ ಮೇಲೆ ಹೋಯಿತು.

ಆಮೇಲೆ ಓದುವಾಗ ಇನ್ನೊಂದು ವಿಷಯ ಸಿಕ್ಕಿತು. ಈಗಿನ ಎಸಿಯ ಮೂಲ ರೂಪವನ್ನು ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ 1902ರಲ್ಲಿ ಮಾಡಿದ್ದು ಜನರ ಸೆಕೆಗಲ್ಲ. ಅಮೆರಿಕದ ಬ್ರೂಕ್ಲಿನ್ನಿನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅಂದರೆ ಎಸಿ ಹುಟ್ಟಿದ್ದೇ ಗಾಳಿಯ ನೀರು ತೆಗೆಯುವುದಕ್ಕೆ. ನಮ್ಮ ಅಪ್ಪಯ್ಯನ ಬೆನ್ನಿಗೂ ಬೇಕಾದದ್ದು ಅದೇ.

ಮೊದಲ ತಿಂಗಳ ಸುಖ ಹೇಳಿ ಮುಗಿಯದು. ಅಪ್ಪಯ್ಯ ರಾತ್ರಿ ನಿದ್ರೆ ಮಾಡಿದರು, ಅಮ್ಮನೂ ಮಾಡಿದರು. ಮೇ ತಿಂಗಳಲ್ಲಿ ಒಂದು ರಾತ್ರಿ ಎಸಿಯ ಒಳಗಿನ ಪೆಟ್ಟಿಗೆಯಿಂದ ಟಪ್ ಟಪ್ ಎಂದು ನೀರು ಬೀಳತೊಡಗಿತು, ಸೀದಾ ಮಂಚದ ತುದಿಗೆ. ಒದ್ದೆ ಬೇಡ ಎಂದು ತಂದ ಯಂತ್ರವೇ ಹಾಸಿಗೆ ಒದ್ದೆ ಮಾಡಿತು.

ಕಾರಣ ಬಹಳ ಸಣ್ಣದು. ಗಾಳಿಯಿಂದ ತೆಗೆದ ನೀರು ಒಂದು ತಟ್ಟೆಗೆ ಬಿದ್ದು, ಪೈಪಿನಲ್ಲಿ ಹೊರಗೆ ಹೋಗಬೇಕು. ಆ ಪೈಪಿನಲ್ಲಿ ಲೋಳೆಯಂಥ ಪಾಚಿ ಕಟ್ಟಿಕೊಂಡಿತ್ತು. ಸಾಲದ್ದಕ್ಕೆ ಹೊರಗೆ ಪೈಪಿನ ತುದಿ ನಾವಿಟ್ಟ ಬಕೆಟ್ಟಿನ ನೀರಿನಲ್ಲಿ ಮುಳುಗಿತ್ತು. ತುದಿ ಮುಳುಗಿದರೆ ಒಳಗಿನ ಗಾಳಿಗೆ ದಾರಿ ಇಲ್ಲದೆ ನೀರು ಸರಿಯಾಗಿ ಇಳಿಯುವುದಿಲ್ಲ. ಪೈಪು ಉದ್ದಕ್ಕೂ ಇಳಿಜಾರಿನಲ್ಲಿ ಇರಬೇಕು, ನಡುವೆ ಹೊಟ್ಟೆ ಬಿಡಬಾರದು, ತುದಿ ಬಕೆಟ್ಟಿನ ನೀರಿಗಿಂತ ಮೇಲೆ ಇರಬೇಕು. ಇಷ್ಟೇ. ಇದಕ್ಕೆ ನಾವು ಮೆಕ್ಯಾನಿಕ್ಕಿಗೆ ಕೊಟ್ಟದ್ದು 600 ರೂಪಾಯಿ.

ಅವತ್ತೇ ಫಿಲ್ಟರ್ ತೆಗೆದು ತೋರಿಸಿದರು. ಒಳಗಿನ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಬಲೆಯಂಥ ಎರಡು ತುಂಡು ಇರುತ್ತದೆ. ನಮ್ಮದು ಕಂಬಳಿಯಾಗಿತ್ತು. ಗಾಳಿ ಹೋಗದಿದ್ದರೆ ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ, ಅದು ಕರಗಿದಾಗಲೂ ನೀರು ಸುರಿಯುತ್ತದೆ. ಫಿಲ್ಟರನ್ನು ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಬಿಸಿಲಲ್ಲಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಹತ್ತು ನಿಮಿಷದ ಕೆಲಸ, ಹದಿನೈದು ದಿನಕ್ಕೊಮ್ಮೆ.

ನಿಜವಾದ ಕಷ್ಟ ಬಂದದ್ದು ಮರುವರ್ಷ.

2024ರ ಮಾರ್ಚ್‌ನಲ್ಲಿ ಎಸಿ ಓಡುತ್ತಿದ್ದರೂ ಕೋಣೆ ಮೊದಲಿನಷ್ಟು ತಂಪಾಗಲಿಲ್ಲ. ಅದಕ್ಕೂ ಮೊದಲೇ ಕರೆಂಟ್ ಬಿಲ್ಲು ಎಚ್ಚರಿಕೆ ಕೊಟ್ಟಿತ್ತು, ನಮಗೆ ಗೊತ್ತಾಗಲಿಲ್ಲ. ಅಷ್ಟೇ ಗಂಟೆ ಓಡಿಸಿದರೂ ಯೂನಿಟ್ ಜಾಸ್ತಿ ಬಂದರೆ ಮೆಷಿನ್ ಏದುಸಿರು ಬಿಡುತ್ತಿದೆ ಎಂದೇ ಅರ್ಥ. ಒಬ್ಬ ಮೆಕ್ಯಾನಿಕ್ ಬಂದರು. "ಗ್ಯಾಸ್ ಖಾಲಿ" ಎಂದರು. ತುಂಬಿಸಿದರು, 2,800 ರೂಪಾಯಿ. ಐದು ವಾರ ಚೆನ್ನಾಗಿತ್ತು. ಏಪ್ರಿಲ್ ಕೊನೆಗೆ ಮತ್ತೆ ಅದೇ ಕಥೆ. ಮತ್ತೆ ಗ್ಯಾಸ್, ಮತ್ತೆ 2,800. ಈ ಸಲ ಎರಡೂವರೆ ವಾರ.

ಮೇ ಎರಡನೇ ವಾರ ಎಸಿಯಿಂದ ಬರೇ ಗಾಳಿ ಬಂತು.

ಆಗ ನಮ್ಮ ಗುರುತಿನವರೊಬ್ಬರು ಹೇಳಿ, ಗಲ್ಫ್‌ನಲ್ಲಿ ಹತ್ತಾರು ವರ್ಷ ಇದೇ ಕೆಲಸ ಮಾಡಿ ಊರಿಗೆ ಬಂದ ಹಿರಿಯರೊಬ್ಬರನ್ನು ಕರೆಸಿದೆವು. ಅವರು ಗ್ಯಾಸಿನ ಸಿಲಿಂಡರ್ ತರಲೇ ಇಲ್ಲ. ಒಂದು ಲೋಟದಲ್ಲಿ ಸೋಪಿನ ನೊರೆ ಮತ್ತು ಬ್ರಶ್ ಕೇಳಿದರು.

"ಕಾಣಿ ಮಕ್ಳೆ, ಇದ್ ಅಡ್ಗಿ ಗ್ಯಾಸ್ ಅಲ್ಲ, ಉರ್ದ್ ಖಾಲಿ ಆಪುಕೆ. ಒಳಗೇ ಸುತ್ತುದ್. ಕಮ್ಮಿ ಆಯ್ತ್ ಅಂದ್ರೆ ಎಲ್ಲೋ ತೂತ್ ಇತ್ತ್."

ಈ ಮಾತನ್ನು ದಯವಿಟ್ಟು ಎಲ್ಲರೂ ನೆನಪಿಡಿ. ಎಸಿಯ ಗ್ಯಾಸು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಒಳಗೆ ಬಿಸಿ ಹೀರಿ, ಹೊರಗೆ ಬಿಟ್ಟು, ಮತ್ತೆ ಒಳಗೆ. ತೂತು ಹುಡುಕದೆ ಗ್ಯಾಸ್ ತುಂಬಿಸುವುದು ಪಂಕ್ಚರ್ ಹಾಕದೆ ಗಾಳಿ ಹೊಡೆದ ಹಾಗೆ. ನಾವು ಎರಡು ಸಲ ಗಾಳಿ ಹೊಡೆಸಿದ್ದೆವು.

ಹಿರಿಯರು ಹೊರಗಿನ ಪೆಟ್ಟಿಗೆಯ ಹತ್ತಿರ ಕೂತರು. ಅದು ಪಡುವಣ ಗೋಡೆಯಲ್ಲಿತ್ತು, ಸಮುದ್ರದ ಮುಖಕ್ಕೆ. ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳನ್ನು ಬೆರಳಿನಿಂದ ಮುಟ್ಟಿದರು. ಬಿಳಿ ಪುಡಿಯಾಗಿ ಉದುರಿತು, ಸುಣ್ಣದ ಹಾಗೆ. ಪೈಪಿನ ಒಂದು ಬಾಗಿನಲ್ಲಿ ನೊರೆ ಹಚ್ಚಿದಾಗ ಸಾಸಿವೆಯಷ್ಟು ಸಣ್ಣ ಗುಳ್ಳೆ ಎದ್ದು ಎದ್ದು ಬಂತು.

"ಒಂದ್ ವರ್ಷಕ್ಕೆ ಇಷ್ಟ್ ಹಾಳಾಪುಕಿಲ್ಲ. ತೊಳಿಲಿಲ್ಯಾ?" ಎಂದು ಕೇಳಿದರು.

ನಮಗೆ ಸಿಟ್ಟು ಬಂತು. ತೊಳೆಯುತ್ತಿದ್ದೆವು! ಕಡಲ ಹತ್ತಿರದವರು ಹೊರಗಿನ ಪೆಟ್ಟಿಗೆಯನ್ನು ಆಗಾಗ ನೀರಿನಿಂದ ತೊಳೆಯಬೇಕು ಎಂದು ನಾವೇ ಓದಿ ತಿಳಿದು, ವಾರಕ್ಕೆ ಒಂದು ಸಲ ತಪ್ಪದೆ, ಬಾವಿಯಿಂದ ಎರಡು ಕೊಡಪಾನ ನೀರು ಸೇದಿ ತೊಳೆಯುತ್ತಿದ್ದೆವು.

ಅವರು ಬಾವಿಯ ಹತ್ತಿರ ಹೋದರು. ಕೊಡಪಾನದಿಂದ ಒಂದು ಗುಟುಕು ಬಾಯಿಗೆ ಹಾಕಿ ಉಗಿದರು. "ಈ ನೀರ್ ನೀವ್ ಕುಡಿತ್ರಿಯಾ?"

ನಾವು ಉತ್ತರ ಕೊಡಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಾವಿಯ ನೀರನ್ನು ನಾವು ಕುಡಿಯುವುದಿಲ್ಲ. ಅನ್ನಕ್ಕೂ ಹಾಕುವುದಿಲ್ಲ. ಆ ಕಡೆ ಕಡಲು, ಈ ಕಡೆ ಭರತದಲ್ಲಿ ಉಪ್ಪಾಗುವ ಹೊಳೆ. ಬೇಸಿಗೆಯಲ್ಲಿ ಸಿಹಿನೀರು ಕೆಳಗೆ ಇಳಿದಾಗ ಬಾವಿಗೆ ಉಪ್ಪು ಬರುತ್ತದೆ. ಕುಡಿಯಲು ಪಂಚಾಯತಿನ ನೀರಿಗೆ ಕಾಯುತ್ತೇವೆ. ನಮ್ಮ ಬಾಯಿಗೆ ಆಗದ ನೀರನ್ನು ನಾವು ಪ್ರತಿ ಭಾನುವಾರ ಎಸಿಗೆ ಸುರಿದಿದ್ದೆವು. ಗಾಳಿ ತಂದದ್ದು ಒಂದು ಪಾಲು ಉಪ್ಪು, ಉಳಿದದ್ದನ್ನು ಕೈಯಾರೆ ನಾವೇ ಹಾಕಿದ್ದೆವು.

ಬೋಟಿಗೆ ಹೋಗುವವರಿಗೆ ಇದು ಹೊಸ ವಿಷಯವಲ್ಲ. ಸ್ಟೀಲ್ ಬೋಟಿನ ತಳಕ್ಕೆ ಜಿಂಕ್ ತುಂಡು ಕಟ್ಟುತ್ತಾರೆ. ಎರಡು ಬೇರೆ ಲೋಹ ತಾಗಿಕೊಂಡಿರುವಲ್ಲಿ ಉಪ್ಪುನೀರು ಸೇರಿದರೆ ಒಂದು ಲೋಹ ಸವೆಯುತ್ತದೆ. ಬೋಟು ಉಳಿಯಲಿ ಎಂದು ಜಿಂಕನ್ನು ಬಲಿ ಕೊಡುತ್ತಾರೆ. ಎಸಿಯ ಹೊರಪೆಟ್ಟಿಗೆಯಲ್ಲಿ ತಾಮ್ರದ ಪೈಪಿಗೆ ಅಲ್ಯೂಮಿನಿಯಂ ರೆಕ್ಕೆ ಅಂಟಿಕೊಂಡಿದೆ. ಉಪ್ಪುನೀರು ಸಿಕ್ಕರೆ ಅಲ್ಯೂಮಿನಿಯಂ ಮೊದಲು ಹೋಗುತ್ತದೆ. ರೆಕ್ಕೆ ಹೋದರೆ ಬಿಸಿ ಹೊರಗೆ ಹೋಗುವ ದಾರಿ ಮುಚ್ಚಿತು. ಬಂದರಿನಲ್ಲಿ ದಿನಾ ನೋಡುವುದನ್ನು ಮನೆಯ ಗೋಡೆಯಲ್ಲಿ ನೋಡಲಿಲ್ಲ.

ಹೊಸ ಕಾಯಿಲ್ ತರಿಸಲು ಒಂಬತ್ತು ದಿನ ಬೇಕಾಯಿತು. ಆ ಒಂಬತ್ತು ರಾತ್ರಿಗಳ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಇಬ್ಬರೂ ಪಾಳಿಯಲ್ಲಿ ಎದ್ದೆವು. ಒಬ್ಬರು ಬೀಸಣಿಗೆ, ಒಬ್ಬರು ಒಣ ಬಟ್ಟೆ. ಎರಡು ಗಂಟೆಗೆ ಬದಲಿಸುವ ಮಗ್ಗುಲನ್ನು ಗಂಟೆಗೊಮ್ಮೆ ಬದಲಿಸಿದೆವು. ಕರೆಂಟು ಹೋದಾಗ ಮಂಚವನ್ನೇ ಜಗಲಿಗೆ ತಂದೆವು. ಆದರೂ ಏಳನೆಯ ಬೆಳಿಗ್ಗೆ ಅಮ್ಮ ಕರೆದು ತೋರಿಸಿದರು. ಸೊಂಟದ ಕೆಳಗೆ, ಎಂಟಾಣೆ ಅಗಲದ ಕೆಂಪು. ಒತ್ತಿದರೂ ಬಿಳಿಯಾಗುತ್ತಿರಲಿಲ್ಲ. ಹುಣ್ಣಿನ ಮೊದಲ ಗುರುತು ಅದು ಎಂದು ನರ್ಸಮ್ಮ ಹೇಳಿದ್ದು ನೆನಪಾಯಿತು.

ಆ ದಿನ ಸಂಜೆ ನಾವಿಬ್ಬರೂ ಬಾವಿಕಟ್ಟೆಯಲ್ಲಿ ಕೂತು ಮಾತಾಡಿದೆವು. ಕಾಯಿಲ್‌ಗೆ, ಕೂಲಿಗೆ, ಗ್ಯಾಸಿಗೆ ಸೇರಿ 13,000 ಹತ್ತಿರ. ಅಪ್ಪಯ್ಯನ ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಅವರಿಗೆ ತಿಂಗಳಿಗೆ 4,000. ಎರಡೂ ನಡೆಸಲು ಕೈಯಲ್ಲಿ ಇಲ್ಲ. ಎಸಿ ಬಿಟ್ಟರೆ ಬೆನ್ನು, ಫಿಸಿಯೋ ಬಿಟ್ಟರೆ ಕಾಲು. ಯಾವುದು? ಒಬ್ಬರು ಎಸಿ ಎಂದೆವು, ಇನ್ನೊಬ್ಬರು ಕಾಲು ಎಂದೆವು. ಸ್ವರ ಏರಿತು. ಆಮೇಲೆ ಇಬ್ಬರೂ ಸುಮ್ಮನಾದೆವು, ಯಾಕೆಂದರೆ ಎರಡು ಸಲ ಸುಮ್ಮನೆ ಕೊಟ್ಟ 5,600 ರೂಪಾಯಿ ಕೈಯಲ್ಲಿದ್ದಿದ್ದರೆ ಈ ಜಗಳವೇ ಬೇಕಿರಲಿಲ್ಲ.

ಕೊನೆಗೆ ಕಾಯಿಲ್ ಹಾಕಿಸಿದೆವು. ಫಿಸಿಯೋ ಅವರ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವರು ಎರಡು ದಿನ ಕೂತು ಅಮ್ಮನಿಗೆ ವ್ಯಾಯಾಮ ಕಲಿಸಿಕೊಟ್ಟರು, ತಿಂಗಳಿಗೆ ಎರಡು ಸಲ ಬಂದು ನೋಡುತ್ತೇನೆ ಎಂದರು. ಕೆಂಪು ಗುರುತು ಮಾಯಲು ಮೂರು ವಾರ ಬೇಕಾಯಿತು. ಹುಣ್ಣಾಗಲಿಲ್ಲ. ಅದು ನಮ್ಮ ಪುಣ್ಯ, ಜಾಣತನವಲ್ಲ.

ಹಿರಿಯರು ಕೆಲಸ ಮಾಡಿದ ರೀತಿಯನ್ನು ನಾವು ಪಕ್ಕದಲ್ಲಿ ನಿಂತು ನೋಡಿದೆವು. ಹೊಸ ಕಾಯಿಲ್ ಕೂರಿಸಿ, ಪೈಪು ಸೋರುತ್ತದಾ ಎಂದು ಮೊದಲು ಪರೀಕ್ಷೆ ಮಾಡಿದರು. ಆಮೇಲೆ ವ್ಯಾಕ್ಯೂಮ್ ಪಂಪ್ ಇಟ್ಟು ಪೈಪಿನೊಳಗಿನ ಗಾಳಿ, ತೇವ ಎಲ್ಲ ತೆಗೆದರು. ನಮ್ಮ ಊರಿನ ಗಾಳಿಯಲ್ಲಿ ಇಷ್ಟು ನೀರಿರುವಾಗ ಇದನ್ನು ಬಿಟ್ಟರೆ ಆ ತೇವ ಒಳಗೇ ಉಳಿದು ಕಂಪ್ರೆಸರ್ ತಿನ್ನುತ್ತದೆ. ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು, ಎಸಿಯ ಪಟ್ಟಿಯಲ್ಲಿ ಬರೆದ ಗ್ರಾಂ ಲೆಕ್ಕಕ್ಕೆ ಸರಿಯಾಗಿ ತುಂಬಿಸಿದರು. ಮೊದಲ ಎರಡು ಸಲ ಬಂದಾಗ ಪಂಪೂ ಇರಲಿಲ್ಲ, ತಕ್ಕಡಿಯೂ ಇರಲಿಲ್ಲ. ಕೇಳಬೇಕು ಎಂದು ನಮಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತು ಹೇಳಿದರು. ಈಗ ಬರುವ ಎಸಿಗಳಲ್ಲಿ ಹೆಚ್ಚಾಗಿ ಇರುವುದು ಆರ್-32, ಕೆಲವದರಲ್ಲಿ ಆರ್-290. ಎರಡೂ ಬೆಂಕಿ ಹಿಡಿಯಬಲ್ಲ ಗ್ಯಾಸು, ಆರ್-290 ಅಂತೂ ಪ್ರೊಪೇನ್. ಕೆಲಸ ನಡೆಯುವಾಗ ಕಿಟಕಿ ಬಾಗಿಲು ತೆರೆದಿಡಿ, ಹತ್ತಿರ ಬೀಡಿ ಹಚ್ಚಬೇಡಿ, ದೇವರ ದೀಪವೂ ಸ್ವಲ್ಪ ಹೊತ್ತು ಬೇಡ.

ಹೊರಪೆಟ್ಟಿಗೆಯ ಜಾಗ ಬದಲಾಯಿಸಿದೆವು. ಪಡುವಣ ಗೋಡೆ ಬಿಟ್ಟು ಮೂಡಣ ಗೋಡೆಗೆ. ಮನೆಯೇ ಸಮುದ್ರದ ಗಾಳಿಗೆ ಅಡ್ಡ ನಿಂತಿತು. ಮಧ್ಯಾಹ್ನದ ಬಿಸಿಲೂ ತಪ್ಪಿತು. ಆದರೆ ಬಿಸಿಗಾಳಿ ಪಕ್ಕದ ಮನೆಯ ಚಿಕ್ಕಮ್ಮನ ಪಾತ್ರೆ ತೊಳೆಯುವ ಕಟ್ಟೆಗೆ ಬಡಿಯಿತು. ಎರಡು ದಿನ ಅವರು ಏನೂ ಹೇಳಲಿಲ್ಲ, ಮೂರನೆಯ ದಿನ ಅಮ್ಮನ ಹತ್ತಿರ ಹೇಳಿದರು. ನಿಜವೇ. ಎಸಿ ತಂಪು ಮಾಡುವುದಿಲ್ಲ, ನಮ್ಮ ಕೋಣೆಯ ಬಿಸಿಯನ್ನು ತೆಗೆದು ಬೇರೆಯವರ ಅಂಗಳಕ್ಕೆ ಹಾಕುತ್ತದೆ. ಸ್ಟ್ಯಾಂಡನ್ನು ಎರಡಡಿ ಮೇಲೆ ಏರಿಸಿ, ಗಾಳಿ ಅವರ ತಲೆಯ ಮೇಲೆ ಹೋಗುವ ಹಾಗೆ ಮಾಡಿದೆವು. ಕಬ್ಬಿಣದ ಸ್ಟ್ಯಾಂಡಿಗೆ ಬೋಟಿಗೆ ಹೊಡೆಯುವ ಪೇಂಟೇ ಹೊಡೆದೆವು.

ಇನ್ನು ಬಿಲ್ಲಿನ ವಿಷಯ. ಇದನ್ನು ಎಲ್ಲರೂ ಕೇಳುತ್ತಾರೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಎಂದು ನಾವು ಅಂದುಕೊಂಡಿದ್ದೆವು. ಲೆಕ್ಕ ಹಾಗಿಲ್ಲ. 2022-23ರ ನಮ್ಮ ತಿಂಗಳ ಸರಾಸರಿಗೆ ಶೇಕಡಾ 10 ಸೇರಿಸಿದರೆ ಬರುವುದಷ್ಟೇ ನಮ್ಮ ಪಾಲು. ನಮ್ಮ ಸರಾಸರಿ 62 ಇತ್ತು, ಪಾಲು 68. ಅದಕ್ಕಿಂತ ಹೆಚ್ಚಾದದ್ದಕ್ಕೆ ದುಡ್ಡು ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ಲೇ ನಮ್ಮದು. ನಮ್ಮ ಎಸಿ ಗಂಟೆಗೆ ಮುಕ್ಕಾಲು ಯೂನಿಟ್ ಎಂದು ಹಿಡಿದರೆ, ದಿನಕ್ಕೆ 8 ಗಂಟೆಗೆ 6 ಯೂನಿಟ್, ತಿಂಗಳಿಗೆ 180. ಮನೆಯ 62 ಸೇರಿದರೆ 242. ಮೊದಲ ಬೇಸಿಗೆಯಲ್ಲಿ 22 ಡಿಗ್ರಿಗೆ ಇಟ್ಟು ಓಡಿಸಿ ಬುದ್ಧಿ ಕಲಿತೆವು.

2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂದು ಸರಕಾರದ ನಿಯಮ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ಕರೆಂಟ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ನಾವು ಈಗ 26ರಲ್ಲಿ ಇಟ್ಟು, ಫ್ಯಾನನ್ನು ಒಂದರಲ್ಲಿ ಬಿಡುತ್ತೇವೆ. ತೇವ ಹೋದರೆ 26 ಸಾಕು, ಅಪ್ಪಯ್ಯನಿಗೆ ಚಳಿಯೂ ಆಗುವುದಿಲ್ಲ. ಭಾನುವಾರ ಭಾನುವಾರ ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ಕಳೆದ ಎರಡು ಬೇಸಿಗೆಯಲ್ಲಿ ಒಂದು ತಿಂಗಳು ಬಿಟ್ಟರೆ 200 ದಾಟಿಲ್ಲ.

ನಮ್ಮ ಈಗಿನ ಪದ್ಧತಿ ಹೀಗಿದೆ. ಬೇಕಾದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

1. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯುವುದು.

2. ತಿಂಗಳಿಗೊಮ್ಮೆ, ಗಾಳಿ ಜೋರಿದ್ದರೆ ಎರಡು ಸಲ, ಹೊರಪೆಟ್ಟಿಗೆಯನ್ನು ಸಿಹಿನೀರಿನಲ್ಲಿ ತೊಳೆಯುವುದು. ಮೊದಲು ಮೈನ್ ಸ್ವಿಚ್ಚು ಆಫ್. ರೆಕ್ಕೆಗಳ ಮೇಲೆ ನೀರು ನಿಧಾನವಾಗಿ ಹರಿಯಬೇಕು, ಜೋರಾಗಿ ಹೊಡೆದರೆ ಮಡಚಿಹೋಗುತ್ತದೆ. ವೈರ್ ಇರುವ ಬದಿಗೆ ನೀರು ಬೇಡ. ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಏನೂ ಬೇಡ.

3. ತಿಂಗಳಿಗೊಮ್ಮೆ ಡ್ರೈನ್ ಪೈಪಿನ ತುದಿ ನೋಡಿ, ನೀರು ಹಾಯಿಸಿ, ಲೋಳೆ ತೆಗೆಯುವುದು.

4. ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಮತ್ತು ಮಳೆ ಮುಗಿದ ಮೇಲೆ, ತಿಳಿದವರನ್ನು ಕರೆಸಿ ಒಳಗಿನ ಕಾಯಿಲ್ ತೊಳೆಸುವುದು. ಏಪ್ರಿಲ್‌ನಲ್ಲಿ ಕರೆದರೆ ಯಾರೂ ಸಿಗುವುದಿಲ್ಲ.

5. ಗುಡುಗು ಸಿಡಿಲು ಇದ್ದರೆ ಪ್ಲಗ್ ತೆಗೆಯುವುದು. ನಮ್ಮಲ್ಲಿ ಮಳೆ ಹಿಡಿಯುವ ಮುಂಚೆ ಮತ್ತು ಅಕ್ಟೋಬರಿನಲ್ಲಿ ಸಿಡಿಲು ಜಾಸ್ತಿ. ಸಂಜೆ ವೋಲ್ಟೇಜ್ ಇಳಿಯುವ ಕಡೆ ಸ್ಟೆಬಿಲೈಸರ್ ಬೇಕು. ಅರ್ಥಿಂಗ್ ಸರಿ ಇದೆಯಾ ಎಂದು ವೈರಿಂಗ್‌ನವರಿಂದ ಒಮ್ಮೆ ನೋಡಿಸಿ.

6. ಗ್ಯಾಸ್ ಕಮ್ಮಿ ಎಂದು ಯಾರಾದರೂ ಹೇಳಿದರೆ, "ತೂತು ಎಲ್ಲಿದೆ, ತೋರಿಸಿ" ಎಂದು ಕೇಳುವುದು.

ಮಳೆಗಾಲದಲ್ಲಿ ಎಸಿ ಬೇಡ ಎಂದು ಪೂರ್ತಿ ಮುಚ್ಚಿಡಬೇಡಿ. ಒಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ, ಸೆಪ್ಟೆಂಬರಿನಲ್ಲಿ ಆನ್ ಮಾಡಿದರೆ ಒದ್ದೆ ಗೋಣಿಯ ವಾಸನೆ. ನಾವು ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಡ್ರೈ ಮೋಡಿನಲ್ಲಿ ಓಡಿಸಿ, ಕೊನೆಗೆ ಹತ್ತು ನಿಮಿಷ ಬರೇ ಫ್ಯಾನ್ ಬಿಡುತ್ತೇವೆ. ಹೊರಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿಡುವುದೂ ತಪ್ಪು, ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಪೈಪು ಗೋಡೆಯೊಳಗೆ ಹೋಗುವ ತೂತನ್ನು ಮುಚ್ಚಿ. ಹಲ್ಲಿ, ಇರುವೆ ಒಳಗೆ ಹೋಗಿ ಬೋರ್ಡ್ ಸುಟ್ಟರೆ ಮತ್ತೆ ಸಾವಿರಾರು ರೂಪಾಯಿ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ರಜೆ ಇರುವುದರಿಂದ ನಮ್ಮಲ್ಲಿ ಒಬ್ಬರು ಮನೆಯಲ್ಲೇ ಇರುತ್ತೇವೆ. ಬಲೆ ರಿಪೇರಿಯ ಜೊತೆಗೆ ಈ ಕೆಲಸವೂ ಆಗುತ್ತದೆ.

ಇಷ್ಟು ಓದಿದವರು ಒಂದು ಪ್ರಶ್ನೆ ಕೇಳಬೇಕು. ಬೇಸಿಗೆಯಲ್ಲಿ ಬಾವಿ ಉಪ್ಪಾದರೆ, ಕುಡಿಯಲು ನೀರು ಎಣಿಸಿ ಬಳಸುವಾಗ, ಎಸಿ ತೊಳೆಯಲು ಸಿಹಿನೀರು ಎಲ್ಲಿಂದ?

ನಾವೂ ಹದಿನೈದು ದಿನ ತಲೆ ಕೆಡಿಸಿಕೊಂಡೆವು. ಉತ್ತರ ಸಿಕ್ಕಿದ್ದು ಅಮ್ಮನಿಂದ. ಡ್ರೈನ್ ಪೈಪಿನ ಕೆಳಗಿನ ಬಕೆಟ್ಟಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, "ಇದ್ರಲ್ಲಿ ಉಪ್ಪಿಲ್ಲ" ಎಂದರು. ಹೌದಲ್ಲ! ಅದು ಗಾಳಿಯ ಆವಿ ತಣಿದು ಆದ ನೀರು, ಮಳೆನೀರಿನ ಹಾಗೆ. ಉಪ್ಪು ಇರುವುದಿಲ್ಲ ಎನ್ನುವಷ್ಟು ಕಮ್ಮಿ. ಕುಡಿಯಬಾರದು, ಕಾಯಿಲ್ಲಿನ ಧೂಳು, ಬೂಷ್ಟು ಸೇರಿರುತ್ತದೆ. ತೊಳೆಯಲು ಅದಕ್ಕಿಂತ ಒಳ್ಳೆಯ ನೀರು ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಇಲ್ಲ. ಸೆಕೆಯ ರಾತ್ರಿಗಳಲ್ಲಿ ಬೆಳಗಾಗುವಾಗ ಅರ್ಧ ಬಕೆಟ್ ಆಗಿರುತ್ತದೆ. ಮೂರು ದಿನದ್ದು ಕೂಡಿಸಿದರೆ ಒಂದು ಸಲ ತೊಳೆಯಲು ಧಾರಾಳ. ಉಳಿದದ್ದು ಅಮ್ಮನ ಮಲ್ಲಿಗೆ ಬುಡಕ್ಕೆ.

ಆ ಬಕೆಟ್ಟು ಇರುವುದು ಅಪ್ಪಯ್ಯನ ಕಿಟಕಿಯ ಹೊರಗೆ. ರಾತ್ರಿಯಿಡೀ ಅದಕ್ಕೆ ನೀರು ಹನಿಯುವ ಸದ್ದು ಒಳಗೆ ಕೇಳುತ್ತದೆ. ಕಳೆದ ಏಪ್ರಿಲ್‌ನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಮಂಚದ ಸರಳಿಗೆ ಟಣ್ ಟಣ್ ಎಂದು ಬಡಿದ ಸದ್ದು. ಓಡಿ ಹೋದೆವು. ಅಪ್ಪಯ್ಯ ಎಡಗೈಯಲ್ಲಿದ್ದ ರಿಮೋಟಿನಿಂದ ಬಡಿಯುತ್ತಿದ್ದರು. ಏನು ನೋವೋ ಎಂದು ಹೆದರಿ ಮೈ ಮುಟ್ಟಿ ನೋಡಿದೆವು, ಬೆನ್ನು ನೋಡಿದೆವು, ಎಲ್ಲ ಒಣಗಿತ್ತು. ಅವರು ಕಿಟಕಿಯ ಕಡೆ ಕಣ್ಣು ಹಾಯಿಸಿದರು. ನಮಗೆ ಅರ್ಥವಾಗಲಿಲ್ಲ. ಮತ್ತೆ ಬಡಿದರು, ಮತ್ತೆ ಕಿಟಕಿ.

ಆಗ ಗೊತ್ತಾಯಿತು. ಎಸಿ ಓಡುತ್ತಿತ್ತು, ಬಕೆಟ್ಟಿಗೆ ಹನಿ ಬೀಳುವ ಸದ್ದು ನಿಂತಿತ್ತು. ಟಾರ್ಚ್ ಹಿಡಿದು ಹೊರಗೆ ಹೋಗಿ ನೋಡಿದರೆ ಪೈಪಿನ ತುದಿಯಲ್ಲಿ ಲೋಳೆ ಗಟ್ಟಿಯಾಗಿ ಕೂತಿದೆ. ಕಡ್ಡಿ ಹಾಕಿ ತೆಗೆದದ್ದೇ ನೀರು ಭರ್ರನೆ ಬಂತು. ಇನ್ನು ಅರ್ಧ ಗಂಟೆ ಹೋಗಿದ್ದರೆ ಹಾಸಿಗೆಗೆ ಸುರಿಯುತ್ತಿತ್ತು.

ಇಪ್ಪತ್ತಾರು ವರ್ಷ ಐಸ್ ಪ್ಲಾಂಟಿನಲ್ಲಿ ಮೆಷಿನಿನ ಸದ್ದು ಕೇಳಿದ ಕಿವಿ ಅದು. ಲಕ್ವ ಅದನ್ನು ಮುಟ್ಟಿರಲಿಲ್ಲ.

ಈಗ ನಮ್ಮ ಮನೆಯ ಎಸಿ ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ಅಮ್ಮ ಮಂಚದ ಕಡೆ ಕೈ ತೋರಿಸುತ್ತಾರೆ. ತೊಳೆಯುವುದು ನಾವು, ಕಾವಲು ಅವರು. ಬೆಳಿಗ್ಗೆ ಬಕೆಟ್ಟು ಒಳಗೆ ತಂದು ಎಷ್ಟಾಗಿದೆ ಎಂದು ಅಪ್ಪಯ್ಯನಿಗೆ ತೋರಿಸಿ ಆಮೇಲೆ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ನೀರು ಚೆನ್ನಾಗಿ ಆಗಿದ್ದರೆ ತಲೆ ಆಡಿಸುತ್ತಾರೆ, ಕಮ್ಮಿ ಇದ್ದರೆ ಹುಬ್ಬು ಗಂಟಿಕ್ಕುತ್ತಾರೆ. ಆ ದಿನ ನಾವು ಫಿಲ್ಟರ್ ತೆಗೆದು ನೋಡುತ್ತೇವೆ.